ಒಂದೇ ಫೂಟೇಜ್, ಎರಡು ಕಥೆ

ಬೀಟಲ್ಸ್ ಬ್ಯಾಂಡ್ ಒಡೆದಿದ್ದು ಯಾಕೆ ಅಂತ ಯಾರನ್ನಾದರೂ ಕೇಳಿ ನೋಡಿ. ಅವರ ಎರಡು ಹಾಡು ಪೂರ್ತಿ ಕೇಳಿರದವರು ಕೂಡ ‘ಯೋಕೋ ಓನೋ’ ಅಂತಾರೆ. ಜಾನ್ ಲೆನನ್ ಜೊತೆ ಆಕೆ ಬಂದಳು, ನಾಲ್ಕು ಜನ ಗೆಳೆಯರು ಬೇರೆಯಾದರು. ಸೊಸೆ ಬಂದಳು, ಅಣ್ಣತಮ್ಮಂದಿರು ಪಾಲಾದರು ಅನ್ನೋ ನಮ್ಮ ಊರುಗಳ ಹಳೇ ಮಾತಿನ ಲಂಡನ್ ರೂಪ ಇದು. ಕೇಳೋಕೆ ಸುಲಭ, ಹೇಳೋಕೆ ಇನ್ನೂ ಸುಲಭ.

ಈ ಮಾತು ಇಷ್ಟು ಗಟ್ಟಿಯಾಗಿ ನಿಲ್ಲೋಕೆ ಒಂದು ಸಿನಿಮಾದ ಪಾಲೂ ಇದೆ. 1970ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ಲೆಟ್ ಇಟ್ ಬಿ’. ಸುಮಾರು 80 ನಿಮಿಷದ ಡಾಕ್ಯುಮೆಂಟರಿ. ಮಂಕು ಬೆಳಕು, ಸುಸ್ತಾದ ನಾಲ್ಕು ಮುಖ, ಪಾಲ್ ಮೆಕಾರ್ಟ್ನಿ ಮತ್ತು ಜಾರ್ಜ್ ಹ್ಯಾರಿಸನ್ ನಡುವೆ ಒಂದು ಕಿರಿಕಿರಿಯ ಮಾತು, ಜಾನ್ ಪಕ್ಕ ಬಿಟ್ಟು ಏಳದ ಯೋಕೋ. ಐವತ್ತು ವರ್ಷ ಆದ ಮೇಲೆ, 2021ರಲ್ಲಿ, ಅದೇ ದಿನಗಳಲ್ಲಿ ಅದೇ ಕ್ಯಾಮೆರಾಗಳು ಹಿಡಿದಿದ್ದ ಅದೇ ಫೂಟೇಜಿನಿಂದ ಪೀಟರ್ ಜಾಕ್ಸನ್ ‘ಗೆಟ್ ಬ್ಯಾಕ್’ ಮಾಡಿದ. ಸುಮಾರು ಎಂಟು ಗಂಟೆ. ಅದರಲ್ಲಿ ಅದೇ ನಾಲ್ವರು ನಗ್ತಾರೆ, ಅಣಕಿಸ್ತಾರೆ, ಟೋಸ್ಟ್ ತಿಂತಾರೆ, ಹಳೇ ಹಾಡುಗಳನ್ನು ಸುಮ್ಮನೆ ಎಳೆದು ಹಾಡ್ತಾರೆ. ಯೋಕೋ ತನ್ನ ಪಾಡಿಗೆ ತಾನು ಪೇಪರ್ ಓದ್ತಾ ಕೂತಿರ್ತಾಳೆ.

ಎರಡರಲ್ಲಿ ಯಾವುದು ನಿಜ? ಎರಡರಲ್ಲೂ ಇರೋದು ಆ ದಿನಗಳಲ್ಲಿ ನಡೆದದ್ದೇ. ಬೇರೆಯಾಗಿರೋದು ಕತ್ತರಿ ಹಿಡಿದ ಕೈ.

ಸಂಗೀತಗಾರರ ಮೇಲಿನ ಡಾಕ್ಯುಮೆಂಟರಿಗಳನ್ನು ನಾನು ಮೊದಲು ಹಾಡಿಗಾಗಿ ನೋಡ್ತಿದ್ದೆ. ಕೋಡ್ ಬರೀವಾಗ ಪಕ್ಕದ ಮಾನಿಟರಿನಲ್ಲಿ ಓಡ್ತಿರ್ತಿತ್ತು. ಆಮೇಲೆ ನಿಧಾನಕ್ಕೆ ಕುತೂಹಲ ಬೇರೆ ಕಡೆ ಹೋಯ್ತು: ಇದನ್ನು ತೆಗೆದವರು ಯಾರು, ಯಾವಾಗ, ಯಾರ ಒಪ್ಪಿಗೆಯ ಮೇಲೆ, ಏನನ್ನು ಬಿಟ್ಟರು? ಈ ಪ್ರಶ್ನೆಗಳ ಹಿಂದೆ ಹೋದರೆ ಅರವತ್ತು ವರ್ಷದ ಒಂದು ಒಳ್ಳೆ ಚರಿತ್ರೆ ಸಿಗುತ್ತೆ.

ಅದು ಶುರುವಾಗೋದು ಹಾಡಿನಿಂದ ಅಲ್ಲ, ಯಂತ್ರದಿಂದ. 1950ರ ದಶಕದವರೆಗೂ ಚಿತ್ರ ಮತ್ತು ಮಾತು ಎರಡನ್ನೂ ಒಟ್ಟಿಗೆ ಹಿಡಿಯೋದು ಅಂದ್ರೆ ದೊಡ್ಡ ಸಂಸಾರ. ಭಾರದ ಕ್ಯಾಮೆರಾ, ಅದರ ಸದ್ದು ಅಡಗಿಸೋಕೆ ಹೊದಿಕೆ, ಟ್ರೈಪಾಡು, ದೀಪಗಳು, ಕ್ಯಾಮೆರಾಗೂ ಟೇಪ್ ರೆಕಾರ್ಡರಿಗೂ ಮಧ್ಯೆ ಕೇಬಲ್ಲು. ಇಷ್ಟೆಲ್ಲ ಎದುರಿಗಿಟ್ಟರೆ ಯಾವ ಮನುಷ್ಯ ಸಹಜವಾಗಿ ಮಾತಾಡ್ತಾನೆ? 1960ರ ಹೊತ್ತಿಗೆ ಅಮೆರಿಕದಲ್ಲಿ ರಾಬರ್ಟ್ ಡ್ರೂ, ರಿಚರ್ಡ್ ಲೀಕಾಕ್, ಡಿ. ಎ. ಪೆನ್ನೆಬೇಕರ್ ಮುಂತಾದವರ ಗುಂಪು ಇದಕ್ಕೆ ದಾರಿ ಹುಡುಕಿತು. ಹೆಗಲ ಮೇಲೆ ಹೊರಬಹುದಾದ 16 ಎಂ.ಎಂ. ಕ್ಯಾಮೆರಾ ಒಬ್ಬನ ಕೈಲಿ, ಟೇಪ್ ರೆಕಾರ್ಡರ್ ಇನ್ನೊಬ್ಬನ ಕೈಲಿ, ಎರಡೂ ಒಂದೇ ವೇಗದಲ್ಲಿ ಓಡೋಕೆ ಕೈಗಡಿಯಾರದ ತಂತ್ರ. ಎರಡು ಸರ್ವರ್‌ಗಳ ಗಡಿಯಾರ ಒಂದಕ್ಕೊಂದು ಹೊಂದದೆ ಇದ್ದರೆ ಲಾಗ್ ಓದೋದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಇದು ಎಂಥ ದೊಡ್ಡ ಗೆಲುವು ಅಂತ ಅರ್ಥ ಆಗುತ್ತೆ. ಮೊದಲು ಇದನ್ನು ಬಳಸಿದ್ದು ರಾಜಕೀಯಕ್ಕೆ. 1960ರ ‘ಪ್ರೈಮರಿ’ ಸಿನಿಮಾದಲ್ಲಿ ಕೆನಡಿ ಜನರ ನಡುವೆ ತೂರಿಕೊಂಡು ಹೋಗುವಾಗ ಕ್ಯಾಮೆರಾ ಅವನ ತಲೆಯ ಹಿಂದೆಯೇ ಹೋಗುತ್ತೆ.

ಐದು ವರ್ಷ ಆದ ಮೇಲೆ ಪೆನ್ನೆಬೇಕರ್ ಇದೇ ಕ್ಯಾಮೆರಾ ಹೊತ್ತು ಬಾಬ್ ಡಿಲನ್ ಹಿಂದೆ ಇಂಗ್ಲೆಂಡಿಗೆ ಹೋದ. 1965ರ ಆ ಪ್ರವಾಸದ ಸಿನಿಮಾ ‘ಡೋಂಟ್ ಲುಕ್ ಬ್ಯಾಕ್’ ತೆರೆ ಕಂಡಿದ್ದು 1967ರಲ್ಲಿ. ಡಿಲನ್ ಒಂದೊಂದೇ ಕಾರ್ಡು ಎತ್ತಿ ಬಿಸಾಕುವ ಅದರ ಮೊದಲ ದೃಶ್ಯವನ್ನು ಎಷ್ಟು ಜನ ನಕಲು ಮಾಡಿದ್ದಾರೋ ಲೆಕ್ಕ ಇಲ್ಲ. ನನಗೆ ಇಷ್ಟವಾದದ್ದು ಇನ್ನೊಂದು ದೃಶ್ಯ. ಡಿಲನ್ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ಮತ್ತು ಲಂಡನ್ನಿನ ಏಜೆಂಟ್ ಟೀಟೋ ಬರ್ನ್ಸ್ ಒಂದು ಟೀವಿ ಕಾರ್ಯಕ್ರಮದ ರೇಟು ಏರಿಸ್ತಾ ಕೂತಿರ್ತಾರೆ. ಫೋನಿನ ಒಂದು ಕಡೆ ಬಿಬಿಸಿ, ಇನ್ನೊಂದು ಕಡೆ ಗ್ರಾನಡಾ. ಒಬ್ಬರ ಆಫರ್ ತೋರಿಸಿ ಇನ್ನೊಬ್ಬರ ಹತ್ತಿರ ಜಾಸ್ತಿ ಕೇಳೋದು. ಎರಡು ಆಫರ್ ಲೆಟರ್ ಇಟ್ಟುಕೊಂಡು ಎಚ್‌ಆರ್ ಜೊತೆ ಮಾತಾಡಿದವರಿಗೆ ಆ ನಗು ಚೆನ್ನಾಗಿ ಗೊತ್ತು. ಪ್ರತಿಭಟನೆಯ ಹಾಡುಗಾರನ ಹಿಂದೆ ಇಂಥ ವ್ಯಾಪಾರ ನಡೀತಿತ್ತು ಅಂತ ಯಾವ ರೆಕಾರ್ಡಿನ ಹೊದಿಕೆಯೂ ಹೇಳ್ತಿರಲಿಲ್ಲ.

ಅದೇ ಸಿನಿಮಾದಲ್ಲಿ ಜೋನ್ ಬಯಸ್ ಇದ್ದಾಳೆ. ಡಿಲನ್‌ಗಿಂತ ಮೊದಲೇ ಹೆಸರು ಮಾಡಿದವಳು, ತನ್ನ ವೇದಿಕೆಗೆ ಅವನನ್ನು ಕರೆದು ಜನರಿಗೆ ಪರಿಚಯಿಸಿದವಳು. ಈ ಪ್ರವಾಸದಲ್ಲಿ ಅವನು ಅವಳನ್ನು ಒಮ್ಮೆಯೂ ವೇದಿಕೆಗೆ ಕರೆಯಲಿಲ್ಲ. ಹೋಟೆಲ್ ಕೋಣೆಯಲ್ಲಿ ಅವನು ಟೈಪ್ ಮಾಡ್ತಾ ಇರ್ತಾನೆ, ಅವಳು ಪಕ್ಕದಲ್ಲಿ ಹಾಡ್ತಾ ಇರ್ತಾಳೆ. ಯಾರೂ ವಿವರಣೆ ಕೊಡಲ್ಲ, ಹಿನ್ನೆಲೆ ದನಿ ಇಲ್ಲ. ಆದರೂ ನೋಡುವವನಿಗೆ ಎಲ್ಲ ತಿಳಿಯುತ್ತೆ. ಹಾಡುಗಾರನ ಬಗ್ಗೆ ಹೊಗಳಿಕೆ ಬಿಟ್ಟು ಬೇರೆ ಏನನ್ನಾದರೂ ಸಿನಿಮಾ ಹೇಳಬಹುದು ಅನ್ನೋದು ಇಲ್ಲಿಂದ ಗಟ್ಟಿಯಾಯ್ತು.

ಪೆನ್ನೆಬೇಕರ್‌ನ ಮುಂದಿನ ಸಿನಿಮಾ ‘ಮಾಂಟರೆ ಪಾಪ್’. 1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಹಬ್ಬ ಅದು. ಕೊನೆಯ ರಾತ್ರಿ ದಿ ಹೂ ಬ್ಯಾಂಡಿನವರು ಗಿಟಾರ್ ಒಡೆದು ಹಾಕಿದರು, ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಇಟ್ಟ. ಅದೇ ದಿನ ಮಧ್ಯಾಹ್ನ ಅಲ್ಲಿ ಸಿತಾರ್ ನುಡಿಸಿದ್ದು ರವಿಶಂಕರ್, ತಬಲಾದಲ್ಲಿ ಅಲ್ಲಾ ರಖಾ. ಅಂದರೆ ಕಾಲದ ಪ್ರಕಾರ ಸಿತಾರ್ ಮೊದಲು, ಬೆಂಕಿ ಆಮೇಲೆ. ಸಿನಿಮಾದಲ್ಲಿ ಈ ಕ್ರಮ ತಿರುಗಿದೆ. ಬೆಂಕಿ ಮೊದಲೇ ಬಂದು ಹೋಗುತ್ತೆ, ಕೊನೆಗೆ ಬರೋದು ಸಿತಾರ್. ಅದೂ ಚುಟುಕಾಗಿ ಅಲ್ಲ, ಹದಿನೈದು ನಿಮಿಷಕ್ಕೂ ಮೀರಿ. ಮೊದಲ ಕೆಲವು ನಿಮಿಷ ವಾದ್ಯವನ್ನೇ ತೋರಿಸಲ್ಲ. ಕೇಳ್ತಾ ಕೂತವರ, ಅಡ್ಡಾಡುವವರ, ಮಲಗಿದವರ ಮುಖಗಳ ಮೇಲೆ ಕ್ಯಾಮೆರಾ ಓಡಾಡುತ್ತೆ, ನಾದ ಮಾತ್ರ ಕೇಳ್ತಿರುತ್ತೆ. ಆಮೇಲೆ ಬೆರಳು, ತಂತಿ, ತಬಲಾದ ಮೇಲಿನ ಕೈ. ಮುಗಿದಾಗ ಜನ ಎದ್ದು ನಿಂತು ಕೂಗ್ತಾರೆ.

ರವಿಶಂಕರ್‌ಗೆ ಹೆಂಡ್ರಿಕ್ಸ್ ಪ್ರತಿಭೆ ಬಗ್ಗೆ ಅನುಮಾನ ಇರಲಿಲ್ಲ, ಆದರೆ ವಾದ್ಯ ಸುಟ್ಟಿದ್ದು ಅವರಿಗೆ ಬಹಳ ನೋವು ಕೊಟ್ಟಿತ್ತು. ಆ ಮಾತನ್ನು ಅವರು ಜೀವನಪೂರ್ತಿ ಹೇಳ್ತಾ ಬಂದರು. ಆಯುಧಪೂಜೆ ದಿನ ನೇಗಿಲಿನಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ ಕುಂಕುಮ ಇಡುವ ನಮಗೆ ಆ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆನ್ನೆಬೇಕರ್ ಈ ಜಗಳದಲ್ಲಿ ಯಾರ ಪರವೂ ಮಾತಾಡಲಿಲ್ಲ. ಕ್ರಮ ಬದಲಿಸಿದ, ಅಷ್ಟೇ. ಬೆಂಕಿಯ ಹೊಗೆ ಕಣ್ಣಲ್ಲಿ ಇರುವಾಗಲೇ ಸಿತಾರ್ ಕೇಳುವ ಹಾಗೆ ಮಾಡಿದ. ಆ ಬೇಸಿಗೆಯ ನೆನಪು ಜಗತ್ತಿಗೆ ಉಳಿದಿರೋದು ಈ ಕ್ರಮದಲ್ಲೇ.

1969 ಬಂತು. ಆ ಒಂದೇ ವರ್ಷದ ಫೂಟೇಜು ಇನ್ನೂ ಖರ್ಚಾಗಿಲ್ಲ. ಜನವರಿಯಲ್ಲಿ ಬೀಟಲ್ಸ್, ಬೇಸಿಗೆಯಲ್ಲಿ ಹಾರ್ಲೆಮ್, ಆಗಸ್ಟಿನಲ್ಲಿ ವುಡ್‌ಸ್ಟಾಕ್, ಡಿಸೆಂಬರಿನಲ್ಲಿ ಆಲ್ಟಮಾಂಟ್. ಇವುಗಳಲ್ಲಿ ಎಲ್ಲರಿಗೂ ಗೊತ್ತಿರೋದು ವುಡ್‌ಸ್ಟಾಕ್. ಮೈಕೆಲ್ ವಾಡ್ಲಿ ಮಾಡಿದ ಸಿನಿಮಾ 1970ರ ಮಾರ್ಚಿನಲ್ಲಿ ಬಂತು, ಆಸ್ಕರ್ ಗೆದ್ದಿತು, ಮಳೆ ಕೆಸರು ಪ್ರೀತಿ ಎಲ್ಲ ಸೇರಿದ ಒಂದು ಪುರಾಣವನ್ನೇ ಕಟ್ಟಿತು.

ಆಲ್ಟಮಾಂಟ್ ಅದರ ತದ್ವಿರುದ್ಧ. ಡಿಸೆಂಬರ್ 6ರಂದು ರೋಲಿಂಗ್ ಸ್ಟೋನ್ಸ್ ಕ್ಯಾಲಿಫೋರ್ನಿಯಾದ ಒಂದು ಕಾರ್ ರೇಸ್ ಮೈದಾನದಲ್ಲಿ ಪುಕ್ಕಟೆ ಕಾರ್ಯಕ್ರಮ ಇಟ್ಟಿತು. ಜಾಗ ಗಟ್ಟಿಯಾಗಿದ್ದೇ ಕೊನೇ ಗಳಿಗೆಯಲ್ಲಿ. ವೇದಿಕೆ ತೀರಾ ತಗ್ಗು. ಬಂದವರು ಸುಮಾರು ಮೂರು ಲಕ್ಷ. ವೇದಿಕೆ ಕಾಯೋಕೆ ಹೆಲ್ಸ್ ಏಂಜಲ್ಸ್ ಅನ್ನೋ ಮೋಟಾರ್‌ಸೈಕಲ್ ಗ್ಯಾಂಗು. ಅವರಿಗೆ ಕೊಟ್ಟ ಕೂಲಿ ಬಿಯರ್ ಅಂತ ಆಗಿನಿಂದ ಹೇಳ್ತಾ ಬಂದಿದ್ದಾರೆ. ಹಾಡ್ತಿದ್ದ ಜೆಫರ್ಸನ್ ಏರ್‌ಪ್ಲೇನ್ ಬ್ಯಾಂಡಿನ ಮಾರ್ಟಿ ಬಾಲಿನ್‌ಗೇ ಅವರು ಪ್ರಜ್ಞೆ ತಪ್ಪುವ ಹಾಗೆ ಬಾರಿಸಿದರು. ಕತ್ತಲಾದ ಮೇಲೆ, ಸ್ಟೋನ್ಸ್ ಹಾಡ್ತಿರುವಾಗಲೇ, ಮೆರೆಡಿತ್ ಹಂಟರ್ ಅನ್ನೋ 18 ವರ್ಷದ ಕಪ್ಪು ಹುಡುಗ ವೇದಿಕೆಯ ಎದುರೇ ಒಬ್ಬ ಏಂಜಲ್ಸ್ ಸದಸ್ಯನ ಚೂರಿಗೆ ಬಲಿಯಾದ.

ಆಲ್ಬರ್ಟ್ ಮತ್ತು ಡೇವಿಡ್ ಮೇಯ್‌ಸಲ್ಸ್ ಸೋದರರ ತಂಡ ಅದನ್ನೂ ಹಿಡಿದಿತ್ತು. ಚಿತ್ರೀಕರಣದ ಹೊತ್ತಿಗೆ ಅವರಿಗೇ ಅದು ಗೊತ್ತಿರಲಿಲ್ಲ. ಸ್ಟೋನ್ಸ್ ಪ್ರವಾಸದ ಖುಷಿಯ ಸಿನಿಮಾ ಮಾಡೋಕೆ ಹೋದವರ ಕೈಲಿ ಕೊಲೆಯ ಸಾಕ್ಷಿ ಇತ್ತು. ಈಗ ಏನು ಮಾಡೋದು? ದಾರಿ ತೋರಿಸಿದ್ದು ಎಡಿಟರ್ ಶಾರ್ಲಟ್ ಜ್ವೆರಿನ್. ಬ್ಯಾಂಡಿನವರನ್ನು ಎಡಿಟಿಂಗ್ ಕೋಣೆಗೆ ಕರೆದು, ಆ ಫೂಟೇಜನ್ನು ಅವರಿಗೇ ತೋರಿಸಿ, ಅವರು ನೋಡುವುದನ್ನು ಚಿತ್ರಿಸೋಣ. 1970ರ ‘ಗಿಮ್ಮಿ ಶೆಲ್ಟರ್’ ನಿಂತಿರೋದು ಈ ಯೋಚನೆಯ ಮೇಲೆ. ಮಿಕ್ ಜ್ಯಾಗರ್ ಪುಟ್ಟ ಪರದೆ ಮುಂದೆ ಕೂತಿದ್ದಾನೆ. ಚಿತ್ರವನ್ನು ಹಿಂದೆ ತಿರುಗಿಸಿ, ನಿಧಾನ ಮಾಡಿ, ನಿಲ್ಲಿಸಿ ತೋರಿಸ್ತಾರೆ. ಹಂಟರ್ ಕೈಲಿದ್ದ ಪಿಸ್ತೂಲು ಅವನ ಗೆಳತಿಯ ಬಿಳಿ ಬಟ್ಟೆಯ ಮೇಲೆ ಕಪ್ಪಾಗಿ ಕಾಣುತ್ತೆ. ಚೂರಿಯೂ ಕಾಣುತ್ತೆ. ಜ್ಯಾಗರ್ ಎದ್ದು ಹೋಗುವಾಗ ಅವನ ಮುಖದ ಮೇಲೆ ಚಿತ್ರ ನಿಂತುಬಿಡುತ್ತೆ. ಆ ಮುಖದಲ್ಲಿ ಇರೋದು ಪಶ್ಚಾತ್ತಾಪವೋ, ಸುಸ್ತೋ, ಏನೂ ಇಲ್ಲವೋ ಅಂತ ಐವತ್ತು ವರ್ಷದಿಂದ ಜನ ವಾದ ಮಾಡ್ತಿದ್ದಾರೆ.

ಇದೇ ಫೂಟೇಜು ಕೋರ್ಟಿಗೂ ಹೋಯ್ತು. ಪಿಸ್ತೂಲು ಕಂಡಿದ್ದರಿಂದ ಆತ್ಮರಕ್ಷಣೆ ಅಂತ ಆರೋಪಿ ಖುಲಾಸೆಯಾದ. ಹುಡುಗ ‘ಸಿಂಪಥಿ ಫಾರ್ ದಿ ಡೆವಿಲ್’ ಹಾಡುವಾಗ ಸತ್ತ ಅನ್ನೋ ಸುದ್ದಿ ಆಗ ಎಲ್ಲೆಡೆ ಹಬ್ಬಿತ್ತು, ಸೈತಾನನ ಹಾಡಿಗೆ ಸಾವು ಅನ್ನೋದು ಚೆನ್ನಾಗಿ ಹೊಂದುತ್ತಲ್ಲ. ಆಗ ಹಾಡ್ತಿದ್ದದ್ದು ‘ಅಂಡರ್ ಮೈ ಥಂಬ್’ ಅಂತ ಸಿನಿಮಾ ತೋರಿಸಿಕೊಟ್ಟಿತು. ಆದರೂ ಸುಳ್ಳು ಕಥೆ ಇನ್ನೂ ಓಡಾಡ್ತಾನೇ ಇದೆ. ಅದಕ್ಕಿಂತ ನನ್ನನ್ನು ಕಾಡೋದು ಬೇರೆ. ಎಷ್ಟೆಲ್ಲ ಗಂಟೆ ಫೂಟೇಜಿನಲ್ಲಿ ಆ ಹುಡುಗ ಬದುಕಿರೋದು ಕೆಲವೇ ಕ್ಷಣ. ಜ್ಯಾಗರ್ ಮುಖವನ್ನು ನಾವು ಎಷ್ಟು ಸಲ ನೋಡಿ ಅರ್ಥ ಹುಡುಕಿದ್ದೀವಿ, ಹಂಟರ್ ಮುಖ ಯಾರಿಗೆ ನೆನಪಿದೆ?

ಈಗ ಬೀಟಲ್ಸ್ ಕಡೆ ಬರೋಣ. 1969ರ ಜನವರಿ 2ರಂದು ಲಂಡನ್ನಿನ ಟ್ವಿಕನಮ್ ಸ್ಟುಡಿಯೋದಲ್ಲಿ ಚಿತ್ರೀಕರಣ ಶುರು. ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್. ಚಳಿ, ಬೆಳಗ್ಗೆ ಬೇಗ ಏಳಬೇಕು, ತಗಡಿನ ಗೋದಾಮಿನಂಥ ಜಾಗ. 10ನೇ ತಾರೀಕು ಜಾರ್ಜ್ ಬ್ಯಾಂಡ್ ಬಿಟ್ಟು ಮನೆಗೆ ಹೋದ. ಮಾತುಕತೆಯಾಗಿ ವಾಪಸ್ ಬಂದ ಮೇಲೆ ಜಾಗ ಬದಲಾಯ್ತು, ಅವರದೇ ಆ್ಯಪಲ್ ಕಂಪನಿಯ ನೆಲಮಾಳಿಗೆ. ಅಲ್ಲಿಗೆ ಕೀಬೋರ್ಡ್ ನುಡಿಸೋ ಬಿಲ್ಲಿ ಪ್ರೆಸ್ಟನ್ ಬಂದು ಸೇರಿದ. ಮನೆಗೆ ನೆಂಟ ಬಂದಾಗ ಜಗಳ ನಿಲ್ಲುತ್ತಲ್ಲ, ಹಾಗೆ ಎಲ್ಲರೂ ನೆಟ್ಟಗಾದರು. ಜನವರಿ 30ರಂದು ಅದೇ ಕಟ್ಟಡದ ತಾರಸಿ ಮೇಲೆ ನುಡಿಸಿದರು. ಕೆಳಗೆ ರಸ್ತೆ ತುಂಬಿತು, ಪೊಲೀಸರು ಬಂದರು. ನಾಲ್ವರೂ ಒಟ್ಟಾಗಿ ಜನರ ಮುಂದೆ ನುಡಿಸಿದ್ದು ಅದೇ ಕೊನೆ.

ಆದರೆ ಬ್ಯಾಂಡಿನ ಕೊನೆ ಅದಲ್ಲ. ಅದಾದ ಮೇಲೆ ಅದೇ ವರ್ಷ ಅವರು ‘ಆಬೀ ರೋಡ್’ ಆಲ್ಬಮ್ ಮಾಡಿದರು. ಒಡಕಿಗೆ ಕಾರಣಗಳು ಬೇರೆ ಬೇರೆ ಇದ್ದವು. ಎಲ್ಲ ನೋಡಿಕೊಳ್ತಿದ್ದ ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ 1967ರಲ್ಲಿ ತೀರಿಕೊಂಡಿದ್ದ. ದುಡ್ಡಿನ ಲೆಕ್ಕ ಯಾರ ಕೈಗೆ ಅನ್ನೋ ವಿಷಯದಲ್ಲಿ ಮೂವರು ಆ್ಯಲನ್ ಕ್ಲೈನ್ ಕಡೆ, ಪಾಲ್ ತನ್ನ ಮಾವನ ಮನೆಯವರಾದ ಈಸ್ಟ್‌ಮನ್ ಕಡೆ. ಪಾಲ್ ದೂರ ಆದ ಸುದ್ದಿ ಹೊರಬಿದ್ದಿದ್ದು 1970ರ ಏಪ್ರಿಲ್ 10ಕ್ಕೆ. ಸಿನಿಮಾ ಬಂದಿದ್ದು ಮೇನಲ್ಲಿ. ಅಂದರೆ ಜನ ಟಿಕೆಟ್ ತಗೊಂಡು ಒಳಗೆ ಹೋಗುವಾಗಲೇ ಸಾವಿನ ಮನೆಗೆ ಹೋಗೋ ಮನಸ್ಸು. ಸಿಸ್ಟಮ್ ಬಿದ್ದ ಮೇಲೆ ಹಳೇ ಲಾಗ್ ತೆಗೆದು ಕೂತರೆ ಪ್ರತಿಯೊಂದು ವಾರ್ನಿಂಗೂ ಕಾರಣದ ಹಾಗೇ ಕಾಣುತ್ತೆ. ಪರದೆ ಮೇಲಿದ್ದ ಪ್ರತಿ ಆಕಳಿಕೆಯೂ ಒಡಕಿನ ಗುರುತಾಯ್ತು. ಯೋಕೋ ಅಲ್ಲಿ ಕೂತಿದ್ದೇ ತಪ್ಪಾಯ್ತು.

ಇಲ್ಲೊಂದು ಸ್ವಾರಸ್ಯ ಇದೆ. ದುಃಖದ ಸಿನಿಮಾ ಅಂತ ಹೆಸರಾದ ‘ಲೆಟ್ ಇಟ್ ಬಿ’ಯಲ್ಲಿ ಜಾರ್ಜ್ ಬ್ಯಾಂಡ್ ಬಿಟ್ಟು ಹೋದ ವಿಷಯವೇ ಇಲ್ಲ. ಸಿನಿಮಾದ ನಿರ್ಮಾಪಕರು ಬೀಟಲ್ಸೇ ಆಗಿದ್ದರು, ಅದು ಹೊರಗೆ ಬರಲಿಲ್ಲ. ಸಂತೋಷದ ಸಿನಿಮಾ ಅನ್ನಿಸಿಕೊಂಡ ‘ಗೆಟ್ ಬ್ಯಾಕ್’ನಲ್ಲಿ ಅದು ಪೂರ್ತಿ ಇದೆ. ಅವನು ಎದ್ದು ಹೋದದ್ದು, ಮಿಕ್ಕವರ ಮೌನ, ಕ್ಯಾಂಟೀನಿನ ಹೂಕುಂಡದಲ್ಲಿ ನಿರ್ದೇಶಕ ಬಚ್ಚಿಟ್ಟಿದ್ದ ಮೈಕಿನಲ್ಲಿ ಸಿಕ್ಕ ಜಾನ್–ಪಾಲ್ ಮಾತು, ಎಲ್ಲ. ಅಂದರೆ ಹೆಚ್ಚು ನೋವು ತೋರಿಸಿದ ಸಿನಿಮಾವೇ ಹೆಚ್ಚು ಹಗುರವಾಗಿ ಕಾಣುತ್ತೆ. ಯಾಕಂದ್ರೆ ನೋವಿನ ಮುಂಚೆ ಏನಿತ್ತು, ಆಮೇಲೆ ಏನಾಯ್ತು ಅಂತಾನೂ ತೋರಿಸೋಕೆ ಅದಕ್ಕೆ ಎಂಟು ಗಂಟೆ ಇತ್ತು.

ಇದಕ್ಕೆ ತಾಂತ್ರಿಕ ಕಾರಣವೂ ಇದೆ, ನನ್ನಂಥವರಿಗೆ ಅದೇ ಹಬ್ಬ. 16 ಎಂ.ಎಂ. ಕ್ಯಾಮೆರಾದ 400 ಅಡಿ ರೀಲು ಸುಮಾರು ಹನ್ನೊಂದು ನಿಮಿಷಕ್ಕೆ ಮುಗಿಯುತ್ತೆ. ಹಾಗಾಗಿ ಚಿತ್ರ ಸಿಕ್ಕಿದ್ದು 60 ಗಂಟೆಯಷ್ಟು, ಆದರೆ ಟೇಪಿನಲ್ಲಿ ಧ್ವನಿ ಸುಮಾರು 150 ಗಂಟೆ. ಆ ಧ್ವನಿ ಒಂದೇ ಟ್ರ್ಯಾಕಿನಲ್ಲಿ ಕಲಸಿಹೋಗಿತ್ತು. ಖಾಸಗಿ ಮಾತಾಡುವಾಗ ಕ್ಯಾಮೆರಾದವರಿಗೆ ಕೇಳದಿರಲಿ ಅಂತ ಬೀಟಲ್ಸ್ ಬೇಕಂತಲೇ ಗಿಟಾರ್ ಗೀಚ್ತಿದ್ದರು. ಜಾಕ್ಸನ್ ತಂಡ ಮಷೀನ್ ಲರ್ನಿಂಗ್ ಬಳಸಿ ಒಂದು ವ್ಯವಸ್ಥೆ ಕಟ್ಟಿತು. ಗಿಟಾರಿನ ಸದ್ದು ಹೇಗಿರುತ್ತೆ, ಮನುಷ್ಯನ ದನಿ ಹೇಗಿರುತ್ತೆ ಅಂತ ಅದಕ್ಕೆ ಕಲಿಸಿ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಬೇರೆ ಮಾಡಿತು. ಐವತ್ತು ವರ್ಷ ಗಿಟಾರಿನ ಹಿಂದೆ ಅಡಗಿದ್ದ ಮಾತು ಹೊರಗೆ ಬಂತು. ಅದೇ ತಂತ್ರದಿಂದ ಹಳೇ ಕ್ಯಾಸೆಟ್ಟಿನಲ್ಲಿದ್ದ ಜಾನ್ ದನಿಯನ್ನು ಪಿಯಾನೋದಿಂದ ಬಿಡಿಸಿ 2023ರಲ್ಲಿ ‘ನೌ ಆ್ಯಂಡ್ ದೆನ್’ ಹಾಡು ಬಿಟ್ಟರು. ತಂತ್ರಜ್ಞಾನಕ್ಕೆ ಕೈ ಮುಗಿಯೋಣ. ಜೊತೆಗೇ ಒಂದು ಪ್ರಶ್ನೆ ಇಟ್ಟುಕೊಳ್ಳೋಣ: ಕೇಳಬಾರದು ಅಂತಲೇ ಅವರು ಮುಚ್ಚಿಟ್ಟಿದ್ದ ಮಾತನ್ನು ಕೇಳುವ ಹಕ್ಕು ನಮಗಿದೆಯಾ?

‘ಗೆಟ್ ಬ್ಯಾಕ್’ ಕೂಡ ಕತ್ತರಿ ಇಲ್ಲದ ಸಿನಿಮಾ ಏನಲ್ಲ. ಧ್ವನಿ ಇದ್ದು ಚಿತ್ರ ಇಲ್ಲದ ಕಡೆ ಬೇರೆ ಹೊತ್ತಿನ ಚಿತ್ರ ಜೋಡಿಸಿದ್ದಾರೆ. ನಿರ್ಮಾಪಕರ ಪಟ್ಟಿಯಲ್ಲಿ ಪಾಲ್, ರಿಂಗೋ, ಯೋಕೋ, ಜಾರ್ಜ್ ಪತ್ನಿ ಒಲಿವಿಯಾ ಹೆಸರಿದೆ. ಆದರೂ ಪಾಲ್ ಬೇಸ್ ಗಿಟಾರ್ ಕೆರೀತಾ ಕೂತು, ಜಾರ್ಜ್ ಆಕಳಿಸ್ತಿರುವಾಗ, ಎರಡು ಮೂರು ನಿಮಿಷದಲ್ಲಿ ‘ಗೆಟ್ ಬ್ಯಾಕ್’ ಹಾಡನ್ನು ಶೂನ್ಯದಿಂದ ಎಳೆದು ತರುವ ದೃಶ್ಯ ಇದೆಯಲ್ಲ, ಅದನ್ನು ಯಾವ ನಿರ್ಮಾಪಕನೂ ಹುಟ್ಟಿಸೋಕೆ ಆಗಲ್ಲ. ಕೆಲಸ ಅನ್ನೋದು ಹೀಗೆ ಆಗುತ್ತೆ. ಬೇಜಾರಿನ ಮಧ್ಯೆ, ಚಹಾದ ಮಧ್ಯೆ.

ನಾಲ್ವರೂ ನಿರ್ಮಾಪಕರಾದರೆ ಒಂದು ಥರ. ಬ್ಯಾಂಡಿನ ಒಬ್ಬನೇ ನಿರ್ಮಾಪಕ ಆದರೆ? ಮಾರ್ಟಿನ್ ಸ್ಕಾರ್ಸೆಸಿಯ ‘ದಿ ಲಾಸ್ಟ್ ವಾಲ್ಟ್ಸ್’ ನೋಡಿ. ದಿ ಬ್ಯಾಂಡ್ ಅನ್ನೋ ತಂಡ 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಟ್ಟ ವಿದಾಯದ ಕಾರ್ಯಕ್ರಮ, 1978ರಲ್ಲಿ ಸಿನಿಮಾ. ನೋಡೋಕೆ ಇಷ್ಟು ಚಂದದ ಸಂಗೀತದ ಸಿನಿಮಾ ಕಮ್ಮಿ. ಅದರ ನಿರ್ಮಾಪಕ ಗಿಟಾರ್ ನುಡಿಸುವ ರಾಬಿ ರಾಬರ್ಟ್‌ಸನ್. ಸಂದರ್ಶನದಲ್ಲಿ ಹೆಚ್ಚು ಮಾತು ಅವನದು, ಹೆಚ್ಚು ಕ್ಲೋಸಪ್ಪು ಅವನದು. ಆದರೆ ತಂಡದ ಹಾಡುಗಳನ್ನು ಹೆಚ್ಚಾಗಿ ಹಾಡಿದ್ದು ಡ್ರಮ್ ನುಡಿಸುವ ಲೆವನ್ ಹೆಲ್ಮ್, ರಿಕ್ ಡ್ಯಾಂಕೋ, ರಿಚರ್ಡ್ ಮ್ಯಾನ್ಯುವೆಲ್. ಮ್ಯಾನ್ಯುವೆಲ್‌ನನ್ನಂತೂ ಹುಡುಕಿ ನೋಡಬೇಕು. ಹೆಲ್ಮ್ 1993ರ ತನ್ನ ಆತ್ಮಕಥೆಯಲ್ಲಿ ಈ ಸಿನಿಮಾದ ಬಗ್ಗೆ ಕಹಿಯಾಗಿ ಬರೆದ. ಟೀಮ್ ಪೂರ್ತಿ ರಾತ್ರಿ ಎದ್ದು ಕೆಲಸ ಮಾಡಿ, ಡೆಮೋ ದಿನ ಒಬ್ಬ ಮಾತ್ರ ಸ್ಲೈಡ್ ತೋರಿಸಿದರೆ ಹೊಟ್ಟೆಯಲ್ಲಿ ಆಗುವ ಸಂಕಟ ಅದು. ಈಗ ಐವರೂ ಇಲ್ಲ. ಸಿನಿಮಾ ಇದೆ. ಮುಂದೆ ನೋಡುವವರಿಗೆ ದಿ ಬ್ಯಾಂಡ್ ಅಂದರೆ ರಾಬರ್ಟ್‌ಸನ್ ಮುಖವೇ.

ಇದಕ್ಕಿಂತ ದೊಡ್ಡ ನಷ್ಟ ಅಂದರೆ ಸಿನಿಮಾ ಆಗದೇ ಉಳಿಯೋದು. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಪಾರ್ಕಿನಲ್ಲಿ ಆರು ಭಾನುವಾರ ಸಂಗೀತ ಹಬ್ಬ ನಡೀತು. ಸ್ಟೀವಿ ವಂಡರ್, ನೀನಾ ಸಿಮೋನ್, ಬಿ. ಬಿ. ಕಿಂಗ್, ಸ್ಲೈ ಸ್ಟೋನ್, ಮಹಾಲಿಯಾ ಜಾಕ್ಸನ್. ಒಟ್ಟು ಸುಮಾರು ಮೂರು ಲಕ್ಷ ಜನ, ಬಹುಪಾಲು ಕಪ್ಪು ಜನ, ಟಿಕೆಟ್ ಇಲ್ಲ. ಹಾಲ್ ಟಲ್ಚಿನ್ ಅನ್ನೋ ನಿರ್ದೇಶಕ ಸುಮಾರು 40 ಗಂಟೆ ಚಿತ್ರಿಸಿದ. ಆಗ ಟೀವಿಯಲ್ಲಿ ಒಂದಷ್ಟು ತುಣುಕು ಬಂತು, ಅಷ್ಟೇ. ಪೂರ್ತಿ ಸಿನಿಮಾ ಮಾಡಿ ಅಂತ ಕೇಳಿದರೆ ಯಾರಿಗೂ ಬೇಡ. ಅದೇ ಬೇಸಿಗೆಯ, ಅದೇ ರಾಜ್ಯದ ವುಡ್‌ಸ್ಟಾಕ್ ಪುರಾಣವಾಗುವಾಗ ಇದು ಪೆಟ್ಟಿಗೆಯಲ್ಲಿ ಉಳೀತು. ಟಲ್ಚಿನ್ 2017ರಲ್ಲಿ ತೀರಿಕೊಂಡ. ಡ್ರಮ್ ನುಡಿಸುವ ಕ್ವೆಸ್ಟ್‌ಲವ್ ಆ ಟೇಪುಗಳಿಂದ ಮಾಡಿದ ‘ಸಮರ್ ಆಫ್ ಸೋಲ್’ 2021ರಲ್ಲಿ ಬಂದು ಮರುವರ್ಷ ಆಸ್ಕರ್ ಗೆದ್ದಿತು.

ಆ ಸಿನಿಮಾದಲ್ಲಿ ಎರಡು ಕಡೆ ನಾನು ನಿಲ್ಲಿಸಿ ಮತ್ತೆ ನೋಡಿದೆ. ಒಂದು, ಜುಲೈ 20. ಮನುಷ್ಯ ಚಂದ್ರನ ಮೇಲೆ ಇಳಿದ ದಿನ. ಹಾರ್ಲೆಮ್‌ನಲ್ಲಿ ಸ್ಟೀವಿ ವಂಡರ್ ನುಡಿಸ್ತಿದ್ದಾನೆ. ಚಂದ್ರನ ಬಗ್ಗೆ ಏನಂತೀರಿ ಅಂದರೆ ಅಲ್ಲಿನ ಜನ, ಆ ದುಡ್ಡು ಇಲ್ಲಿನ ಬಡವರಿಗೆ ಹಾಕಬಹುದಿತ್ತು ಅಂತಾರೆ. ಚರಿತ್ರೆ ಪುಸ್ತಕದಲ್ಲಿ ಆ ದಿನದ ಬಗ್ಗೆ ಈ ಸಾಲು ನಾವು ಓದಿರಲಿಲ್ಲ. ಇನ್ನೊಂದು, ಪುಟ್ಟ ಮಗುವಾಗಿದ್ದಾಗ ಅಲ್ಲಿಗೆ ಹೋಗಿದ್ದ ಒಬ್ಬರಿಗೆ ಐವತ್ತು ವರ್ಷ ಆದ ಮೇಲೆ ಈ ಫೂಟೇಜು ತೋರಿಸ್ತಾರೆ. ಅವರು ಅಳ್ತಾರೆ. ನನಗೆ ಹುಚ್ಚಲ್ಲ, ಅದು ನಿಜವಾಗಿ ನಡೆದಿತ್ತು ಅನ್ನೋ ಸಮಾಧಾನ ಅದು. ಎಲ್ಲೂ ದಾಖಲಾಗದ ನೆನಪು ಇಟ್ಟುಕೊಂಡವನಿಗೆ ಕೊನೆಗೆ ತನ್ನ ಮೇಲೇ ಅನುಮಾನ ಬರುತ್ತೆ.

ನಮ್ಮೂರಿನ ಕಡೆ ರಾತ್ರಿಯಿಡೀ ತತ್ವಪದ ಹಾಡ್ತಿದ್ದ ಅಜ್ಜಂದಿರದು ಒಂದು ನಿಮಿಷದ ರೆಕಾರ್ಡಿಂಗೂ ಇಲ್ಲ. ಅವರು ಹೇಗೆ ಹಾಡ್ತಿದ್ದರು ಅಂತ ಈಗ ನಾನು ಹೇಳಿದರೆ ನೀವು ನನ್ನ ಮಾತು ನಂಬಬೇಕು, ಬೇರೆ ದಾರಿ ಇಲ್ಲ. ಹಾರ್ಲೆಮ್‌ನವರಿಗೆ ಕನಿಷ್ಠ ಪೆಟ್ಟಿಗೆಯಲ್ಲಿ ಟೇಪ್ ಇತ್ತು.

ಇನ್ನು ಬಿಟ್ಟಿದ್ದರಿಂದಲೇ ಗೆದ್ದ ಸಿನಿಮಾ. ಮಲಿಕ್ ಬೆಂಜಲೂಲ್ 2012ರಲ್ಲಿ ಮಾಡಿದ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’. ಡೆಟ್ರಾಯಿಟಿನ ಸಿಕ್ಸ್‌ಟೋ ರೋಡ್ರಿಗಸ್ 1970 ಮತ್ತು 71ರಲ್ಲಿ ಎರಡು ಆಲ್ಬಮ್ ಮಾಡ್ತಾನೆ, ಅಮೆರಿಕದಲ್ಲಿ ಯಾರೂ ಕೊಳ್ಳಲ್ಲ, ಅವನು ಮನೆ ಕೆಡವೋ ಕೂಲಿ ಕೆಲಸಕ್ಕೆ ಹೋಗ್ತಾನೆ. ಇತ್ತ ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಅವನ ಹಾಡು ಮನೆಮನೆಯಲ್ಲಿ. ಅಲ್ಲಿಯವರು ಅವನು ಸತ್ತ ಅಂತಲೇ ತಿಳಿದಿರ್ತಾರೆ. ಕೊನೆಗೆ ಅಭಿಮಾನಿಗಳು ಹುಡುಕಿ, 1998ರಲ್ಲಿ ಅವನನ್ನು ಕರೆಸಿದಾಗ ಸಾವಿರಾರು ಜನ ಎದ್ದು ಕೂಗ್ತಾರೆ. ಅಳದೆ ನೋಡಿದವರು ಕಮ್ಮಿ. ದುಡ್ಡು ಮುಗಿದಾಗ ನಿರ್ದೇಶಕ ಕೆಲವು ಶಾಟ್‌ಗಳನ್ನು ಐಫೋನಿನ ಅಗ್ಗದ ಆ್ಯಪಿನಲ್ಲಿ ತೆಗೆದ ಕಥೆಯೂ ಪ್ರಸಿದ್ಧ. ಸಿನಿಮಾದಲ್ಲಿ ಇಲ್ಲದ್ದು ಒಂದಿದೆ: 1979 ಮತ್ತು 1981ರಲ್ಲಿ ರೋಡ್ರಿಗಸ್ ಆಸ್ಟ್ರೇಲಿಯಾದಲ್ಲಿ ಪ್ರವಾಸ ಮಾಡಿ ಹಾಡಿದ್ದ. ಪೂರ್ತಿ ಮರೆತುಹೋದ ಮನುಷ್ಯ ಅನ್ನೋ ಕಥೆಗೆ ಅದು ಅಡ್ಡ ಬರ್ತಿತ್ತು. ಹೇಳಿದ್ದರೆ ಸಿನಿಮಾ ಕೆಡ್ತಿತ್ತಾ? ನನಗೆ ಹಾಗನ್ನಿಸಲ್ಲ. ಕೂಲಿ ಕೆಲಸದ ಮಧ್ಯೆ ಎರಡು ಸಲ ದೂರದ ದೇಶಕ್ಕೆ ಹೋಗಿ ಹಾಡಿ, ಮತ್ತೆ ಬಂದು ಸುತ್ತಿಗೆ ಹಿಡಿದವನ ಕಥೆ ಇನ್ನೂ ಗಟ್ಟಿ ಅಲ್ವಾ? ಒಂದು ಮಾತ್ರ ನಿಜ. ಈ ಸಿನಿಮಾ ಬಂದಿದ್ದರಿಂದ ಎಪ್ಪತ್ತರ ಹತ್ತಿರ ಬಂದ ಆ ಮನುಷ್ಯ ಜಗತ್ತೆಲ್ಲ ಹಾಡಿದ, ದುಡಿದ. ಕಥೆಯಲ್ಲಿ ಒಂದು ತುಂಡು ಕಮ್ಮಿ ಇತ್ತು, ಆದರೆ ಅವನಿಗೆ ಸಿಕ್ಕ ಚಪ್ಪಾಳೆ ಪೂರ್ತಿ ಇತ್ತು.

ಹಾಗಾದರೆ ಈ ಸಿನಿಮಾಗಳನ್ನು ನಂಬೋದೇ ಬೇಡವಾ? ನಾನು ನೋಡುವ ರೀತಿ ಇದು. ನಿರ್ಮಾಪಕರ ಹೆಸರು ಬರುವಾಗ ಸ್ಕಿಪ್ ಮಾಡಬೇಡಿ, ಅಲ್ಲಿ ಹಾಡುಗಾರನ ಹೆಸರೋ ಅವನ ಮನೆಯವರ ಹೆಸರೋ ಇದೆಯಾ ನೋಡಿ. ಚಿತ್ರಿಸಿದ ವರ್ಷಕ್ಕೂ ಬಿಡುಗಡೆಯ ವರ್ಷಕ್ಕೂ ಮಧ್ಯೆ ಏನಾಯ್ತು ಕೇಳಿ. ಮಾತಾಡುವವರನ್ನು ಬಿಟ್ಟು ಹಿಂದೆ ಕೂತವರ ಮುಖ ನೋಡಿ. ಜೋನ್ ಬಯಸ್, ಮ್ಯಾನ್ಯುವೆಲ್, ಪೇಪರ್ ಹಿಡಿದ ಯೋಕೋ, ಇವರೆಲ್ಲ ಅಲ್ಲೇ ಇದ್ದಾರೆ, ಫ್ರೇಮಿನ ಅಂಚಿನಲ್ಲಿ.

ಹಳೇ ‘ಲೆಟ್ ಇಟ್ ಬಿ’ ಎಷ್ಟೋ ವರ್ಷ ಎಲ್ಲೂ ಸಿಗ್ತಿರಲಿಲ್ಲ. 2024ರಲ್ಲಿ ಅದನ್ನು ತೊಳೆದು ಬಣ್ಣ ಸರಿಪಡಿಸಿ ಮತ್ತೆ ಬಿಟ್ಟರು. ಮೊದಲು ‘ಗೆಟ್ ಬ್ಯಾಕ್’ ನೋಡಿ, ಎಂಟು ಗಂಟೆ ಅಂತ ಹೆದರಬೇಡಿ, ಮೂರು ಭಾಗ, ಮೂರು ರಾತ್ರಿ ಸಾಕು. ಆಮೇಲೆ ‘ಲೆಟ್ ಇಟ್ ಬಿ’ ಹಾಕಿ. ಆ ಎಂಬತ್ತು ನಿಮಿಷ ಅಷ್ಟು ದುಃಖದ್ದೂ ಅಲ್ಲ ಅನ್ನಿಸಬಹುದು. ಅಲ್ಲೂ ಅವರು ನಗ್ತಾರೆ. 1970ರಲ್ಲಿ ಟಿಕೆಟ್ ಕೊಂಡವರ ಕಣ್ಣಿಗೆ ಅದು ಬಿದ್ದಿರಲಿಲ್ಲ.